ಕಲಬುರಗಿಯಿಂದ ಮಂಗಳೂರಿಗೆ: ಎರಡೇ ಹಗಲು ಇದ್ದರೆ ಹೀಗೆ ಹೋಗಿ ಬನ್ನಿ

ನಮ್ಮ ಕಡೆಯವರ ಮಂಗಳೂರು ಪ್ರವಾಸ ಅಂದ್ರೆ ಹೇಗಿರುತ್ತೆ ಅಂತ ನಿಮಗೂ ಗೊತ್ತು. ಒಂದು ಕ್ರೂಸರ್ ಗಾಡಿ, ಅದರ ತುಂಬ ಜನ, ಹಿಂದೆ ರೊಟ್ಟಿ ಗಂಟು. ಧರ್ಮಸ್ಥಳ, ಕುಕ್ಕೆ, ಕಟೀಲು, ಉಡುಪಿ, ಕೊಲ್ಲೂರು, ಮುರುಡೇಶ್ವರ, ಎಲ್ಲಾ ಒಂದೇ ಉಸಿರಿನಲ್ಲಿ. ಈ ಪಟ್ಟಿಯಲ್ಲಿ ಮಂಗಳೂರು ಬರೋದು ರಾತ್ರಿ ಊಟಕ್ಕೆ ಮಾತ್ರ, ಅದೂ ಕತ್ತಲಾದ ಮೇಲೆ. ಸಮುದ್ರಕ್ಕೆ ಸಿಗೋದು ಅರ್ಧ ಗಂಟೆ. ಡ್ರೈವರ್ ಹಾರ್ನ್ ಹೊಡೀತಿರ್ತಾನೆ, ಮಕ್ಕಳು ಒದ್ದೆ ಪ್ಯಾಂಟಿನಲ್ಲೇ ಹತ್ತಿ ಕೂತ್ಕೋತಾರೆ.

ದೇವರ ದರ್ಶನದ ಪ್ರವಾಸ ಬೇರೆ, ಅದನ್ನ ಬೇಡ ಅನ್ನಲ್ಲ. ಆದರೆ ಎರಡನ್ನೂ ಒಂದೇ ಸಲಕ್ಕೆ ತುರುಕಬೇಡಿ. ಮಂಗಳೂರಿನಿಂದ ಧರ್ಮಸ್ಥಳ ಸುಮಾರು 75 ಕಿ.ಮೀ., ಕುಕ್ಕೆ ನೂರು ಕಿ.ಮೀ. ದಾಟುತ್ತೆ, ಉಡುಪಿ ಇನ್ನೊಂದು ದಿಕ್ಕಿಗೆ ಐವತ್ತು ಚಿಲ್ಲರೆ. ಇದ್ದ ಎರಡು ಹಗಲೂ ಗಾಡಿಯಲ್ಲೇ ಕಳೆದು ಹೋಗುತ್ತೆ. ಹಾಗಾಗಿ ಈ ಸಲ ಊರು ಮಾತ್ರ ಅಂತ ಮನೆಯಲ್ಲಿ ಮೊದಲೇ ಹೇಳಿಬಿಡಿ. ಅವ್ವ ಬಂದರೆ ಕದ್ರಿ, ಮಂಗಳಾದೇವಿ, ಕುದ್ರೋಳಿ ಗೋಕರ್ಣನಾಥ, ಮೂರೂ ಊರೊಳಗೇ ಇವೆ. ದರ್ಶನ ತಪ್ಪೋದಿಲ್ಲ.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿ. ಇದರಲ್ಲಿ ಜಾಸ್ತಿ ಯೋಚನೆ ಬೇಡ.

ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಟ್ಟುಬಿಡಿ. ಕಲಬುರಗಿಯಲ್ಲಿ ಇಡೀ ವರ್ಷಕ್ಕೆ 700–800 ಮಿ.ಮೀ. ಮಳೆ ಬಿದ್ದರೆ ಒಳ್ಳೆ ವರ್ಷ ಅಂತೀವಿ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮೇಲೆ ಬೀಳುತ್ತೆ, ಅದರಲ್ಲಿ ಹೆಚ್ಚಿನದು ಆ ನಾಲ್ಕು ತಿಂಗಳಲ್ಲೇ. ಮಳೆ ನೋಡೋಕೇ ಹೋಗ್ತೀವಿ ಅನ್ನೋರಿದ್ದರೆ ಸರಿ, ಆದರೆ ಆಗ ಸಮುದ್ರಕ್ಕೆ ಇಳಿಯೋ ಹಾಗಿಲ್ಲ, ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆಗೋದೂ ಉಂಟು. ಇನ್ನೊಂದು ವಿಷಯ, ಮೀನು ತಿನ್ನೋಕಂತಲೇ ಹೋಗೋರು ಗಮನಿಸಿ: ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳು ಸಮುದ್ರಕ್ಕೆ ಇಳಿಯೋ ಹಾಗಿಲ್ಲ. ಆಗ ತಾಜಾ ಮೀನು ಕಡಿಮೆ, ರೇಟು ಜಾಸ್ತಿ.

ನಮಗೆ ಮಾತ್ರ ಸಿಗೋ ರಜೆ ಒಂದಿದೆ, ಸೆಪ್ಟೆಂಬರ್ 17, ಕಲ್ಯಾಣ ಕರ್ನಾಟಕ ಉತ್ಸವ. ಅದರ ಹಿಂದೆ ಮುಂದೆ ಶನಿವಾರ ಭಾನುವಾರ ಬಂದರೆ ಎಲ್ಲರಿಗೂ ಕರಾವಳಿ ನೆನಪಾಗುತ್ತೆ. ಆದರೆ ಆ ಹೊತ್ತಿಗೆ ಮಳೆಗಾಲ ಪೂರ್ತಿ ಮುಗಿದಿರಲ್ಲ, ಸಮುದ್ರದ ಅಬ್ಬರ ಇಳಿದಿರಲ್ಲ. ದಸರಾ ರಜೆ ವಾಸಿ. ಕುದ್ರೋಳಿಯಲ್ಲಿ ದೀಪದ ಅಲಂಕಾರ ಜೋರಾಗಿರುತ್ತೆ, ಆದರೆ ಲಾಡ್ಜ್ ರೂಮು ಮೊದಲೇ ಹಿಡಿದಿಟ್ಟಿರಬೇಕು.

ಏಪ್ರಿಲ್, ಮೇ ಬಗ್ಗೆ ಒಂದು ಮಾತು. ಇಲ್ಲಿ 42 ಡಿಗ್ರಿ, ಅಲ್ಲಿ 33–34, ತಂಪಾಗಿರುತ್ತೆ ಅಂತ ಹೊರಡೋರಿದ್ದಾರೆ. ಅದು ತಪ್ಪು ಲೆಕ್ಕ. ನಮ್ಮ ಒಣ ಬಿಸಿಲಲ್ಲಿ ಬೆವರು ಬಂದದ್ದೇ ಆರುತ್ತೆ, ಮೈ ಅಷ್ಟಾದರೂ ತಣ್ಣಗಾಗುತ್ತೆ, ಕೂಲರ್ ಹಾಕಿದರೆ ನಿದ್ದೆಯೂ ಬರುತ್ತೆ. ಅಲ್ಲಿ ಗಾಳಿಯಲ್ಲೇ ನೀರು ತುಂಬಿರುತ್ತೆ, ಬೆವರು ಆರೋದೇ ಇಲ್ಲ, ಸ್ನಾನ ಮಾಡಿ ಹೊರಗೆ ಬಂದರೆ ಹತ್ತು ನಿಮಿಷಕ್ಕೆ ಅಂಗಿ ಬೆನ್ನಿಗೆ ಅಂಟಿರುತ್ತೆ. ಕೂಲರ್ ಅಲ್ಲಿ ಕೆಲಸಕ್ಕೆ ಬರಲ್ಲ. ಬೇಸಿಗೆಯಲ್ಲೇ ಹೋಗಬೇಕು ಅಂದ್ರೆ ಎಸಿ ರೂಮಿಗೆ ದುಡ್ಡು ಎತ್ತಿಡಿ.

ಹೋಗೋ ದಾರಿ

ದೂರ ಹತ್ತಿರ ಹತ್ತಿರ 700 ಕಿ.ಮೀ. ಒಂದೇ ರಾಜ್ಯ ಅಂತ ಹೆಸರಿಗೆ, ನಮಗೆ ಹೈದರಾಬಾದ್, ಸೊಲ್ಲಾಪುರ, ಪುಣೆ ಎಲ್ಲಾ ಇದಕ್ಕಿಂತ ಹತ್ತಿರ. ಹಾಗಾಗಿ ರಾತ್ರಿಗಳನ್ನ ಪ್ರಯಾಣಕ್ಕೆ ಕೊಟ್ಟು, ಹಗಲುಗಳನ್ನ ಊರಿಗೆ ಉಳಿಸಿಕೊಳ್ಳೋದೇ ಇಡೀ ಪ್ಲಾನಿನ ಗುಟ್ಟು.

ಸುಲಭದ ದಾರಿ ಸ್ಲೀಪರ್ ಬಸ್. ಮಧ್ಯಾಹ್ನ ಇಳಿಹೊತ್ತಿಗೆ ಹತ್ತಿದರೆ ಮರುದಿನ ಬೆಳಿಗ್ಗೆ ಅಲ್ಲಿ. ಘಾಟಿ ಬರೋದು ರಾತ್ರಿಯ ಕೊನೆಗೆ, ತಿರುವು ಜಾಸ್ತಿ, ವಾಂತಿ ಆಗೋರು ಹಿಂದಿನ ಸೀಟು ಹಿಡಿಯಬೇಡಿ, ರಾತ್ರಿ ಊಟ ಹಗುರಾಗಿ ಮಾಡಿ.

ಶಕ್ತಿ ಯೋಜನೆ ಬಗ್ಗೆ ಎಲ್ಲರೂ ಕೇಳ್ತಾರೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಫ್ರೀ, ನಿಜ. ಆದರೆ ಸ್ಲೀಪರ್, ರಾಜಹಂಸ, ಎಸಿ ಬಸ್ಸುಗಳಿಗೆ ಅದು ನಡೆಯಲ್ಲ, ಸಾದಾ ಮತ್ತು ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ. ಕಲಬುರಗಿಯಿಂದ ಹುಬ್ಬಳ್ಳಿ, ಅಲ್ಲಿಂದ ಮಂಗಳೂರು ಅಂತ ಎಕ್ಸ್‌ಪ್ರೆಸ್ ಬಸ್ ಬದಲಿಸ್ತಾ ಕೂತು ಹೋದರೆ ಒಂದು ರೂಪಾಯಿ ಖರ್ಚಿಲ್ಲದೆ ತಲುಪಬಹುದು. ದುಡ್ಡು ಉಳಿಯುತ್ತೆ, ಸೊಂಟ ಉಳಿಯಲ್ಲ. ಎರಡೇ ದಿನದ ಪ್ರವಾಸಕ್ಕೆ ನಾನಂತೂ ಅದನ್ನ ಹೇಳಲ್ಲ, ನಾಲ್ಕೈದು ದಿನ ಇದ್ದರೆ ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ಉಳಿದು ಹೋಗಬಹುದು.

ರೈಲೇ ಬೇಕು ಅನ್ನೋರಿಗೆ ಎರಡು ದಾರಿ. ಸೊಲ್ಲಾಪುರ–ಹಾಸನ ಎಕ್ಸ್‌ಪ್ರೆಸ್ ಕಲಬುರಗಿಯಲ್ಲೂ ಯಾದಗಿರಿಯಲ್ಲೂ ನಿಲ್ಲುತ್ತೆ. ರಾತ್ರಿ ಹತ್ತಿ ಹಾಸನದಲ್ಲಿ ಇಳಿದು, ಅಲ್ಲಿಂದ ಸಕಲೇಶಪುರ, ಶಿರಾಡಿ ಘಾಟಿ ದಾರಿಯಲ್ಲಿ ಬಸ್ ಹಿಡಿಯಬಹುದು. ಇನ್ನೊಂದು, ವಿಜಯಪುರದಿಂದ ಹುಬ್ಬಳ್ಳಿ, ಹಾಸನ ದಾಟಿ ಮಂಗಳೂರು ಸೆಂಟ್ರಲ್‌ಗೆ ಹೋಗೋ ರೈಲು. ಜೇವರ್ಗಿ, ಸುರಪುರ, ಶಹಾಪುರ ಕಡೆಯವರಿಗೆ ವಿಜಯಪುರ ಅಷ್ಟು ದೂರ ಅನ್ನಿಸಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿ.ಮೀ. ಘಾಟಿ, 57 ಸುರಂಗ. ಹಗಲಲ್ಲಿ ದಾಟಿದರೆ ಅದೇ ಒಂದು ಪ್ರವಾಸ. ಬೆಂಗಳೂರಿನ ಯಶವಂತಪುರದಿಂದ ಹೋಗೋ ಹಗಲು ರೈಲುಗಳಿಗೆ 2021ರಿಂದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಯೂ ಇದೆ. ಆದರೆ ಮಳೆಗೆ, ಹಳಿ ಕೆಲಸಕ್ಕೆ ಅಂತ ಈ ಮಾರ್ಗದಲ್ಲಿ ರೈಲು ನಿಲ್ಲಿಸೋದು ಆಗಾಗ ಇದ್ದದ್ದೇ, ಹೊರಡೋ ಮುಂಚೆ ಒಮ್ಮೆ ನೋಡ್ಕೊಳ್ಳಿ.

ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತೆ. ತಪ್ಪಿದರೆ ತತ್ಕಾಲ್, ರೈಲು ಹೊರಡೋ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ಟಿಕೆಟ್ ತೆಗೆಯುವಾಗ ಒಂದು ಎಚ್ಚರ: ಮಂಗಳೂರಿಗೆ ಎರಡು ಮುಖ್ಯ ಸ್ಟೇಷನ್. ಸೆಂಟ್ರಲ್ ಊರ ನಡುವೆ ಇದೆ, ಜಂಕ್ಷನ್ ಇರೋದು ಕಂಕನಾಡಿ ಕಡೆ, ಊರ ಅಂಚಿಗೆ. ವಾಪಸ್ ಬರುವಾಗ ಯಾವುದು ಅಂತ ಟಿಕೆಟ್ ಮೇಲೆ ಓದಿಯೇ ಆಟೋ ಹತ್ತಿ.

ಬೀದರಿನವರ ಮಾತು ಬೇರೆ. ಅವರಿಗೆ ಹೈದರಾಬಾದ್ ಮೂರು ಮೂರೂವರೆ ಗಂಟೆ, ಅಲ್ಲಿಂದ ಮಂಗಳೂರಿಗೆ ವಿಮಾನ ಇದೆ. ಮುಂಚೆ ಟಿಕೆಟ್ ತೆಗೆದರೆ ಎರಡು ರಾತ್ರಿ ಬಸ್ಸಿನಲ್ಲಿ ಹೊರಳೋದು ತಪ್ಪುತ್ತೆ. ವಯಸ್ಸಾದವರು ಜೊತೆಗಿದ್ದರೆ ನಾನು ಇದನ್ನೇ ಹೇಳ್ತೀನಿ.

ಎಲ್ಲಿ ಉಳಿಯಬೇಕು

ಬೀಚ್ ಪಕ್ಕದ ರೆಸಾರ್ಟ್ ಫೋಟೋ ನೋಡಿ ಮರುಳಾಗಬೇಡಿ. ಮಂಗಳೂರಿನಲ್ಲಿ ಊರು ಒಂದು ಕಡೆ, ಸಮುದ್ರ ಇನ್ನೊಂದು ಕಡೆ, ನಡುವೆ ನದಿ. ಉತ್ತರಕ್ಕೆ ಗುರುಪುರ ನದಿ, ದಕ್ಷಿಣಕ್ಕೆ ನೇತ್ರಾವತಿ, ಎರಡೂ ಊರ ಪಕ್ಕದಲ್ಲೇ ಬಂದು ಸಮುದ್ರ ಸೇರ್ತವೆ. ಹಾಗಾಗಿ ರೂಮು ಹಂಪನಕಟ್ಟೆ ಸುತ್ತಮುತ್ತ ಹಿಡಿಯಿರಿ. ಸೆಂಟ್ರಲ್ ಸ್ಟೇಷನ್ ಅಲ್ಲೇ, ಸಿಟಿ ಬಸ್ಸುಗಳು ಹೊರಡೋ ಸ್ಟೇಟ್ ಬ್ಯಾಂಕ್ ನಿಲ್ದಾಣ ಅಲ್ಲೇ, ಊಟಕ್ಕೂ ಅಲ್ಲೇ. ವಾಪಸ್ ಬಸ್ಸಿನ ಅನುಕೂಲವೇ ಮುಖ್ಯ ಅನ್ನೋರು ಬಿಜೈ ಕೆಎಸ್ಆರ್‌ಟಿಸಿ ಸ್ಟ್ಯಾಂಡ್ ಹತ್ತಿರ ನೋಡಬಹುದು.

ರೂಮು ಒಪ್ಪೋ ಮುಂಚೆ ಕಿಟಕಿಗೆ ಸೊಳ್ಳೆ ಜಾಲಿ ಇದೆಯಾ ನೋಡಿ. ಸೊಳ್ಳೆ ಕಾಟ ಅಲ್ಲಿ ಹಳೇದು.

ಚೀಲದಲ್ಲಿ ಏನಿರಬೇಕು

ಹತ್ತಿ ಬಟ್ಟೆ, ಅದೂ ಲೆಕ್ಕಕ್ಕಿಂತ ಒಂದು ಜೊತೆ ಜಾಸ್ತಿ. ಇಲ್ಲಿ ರಾತ್ರಿ ಒಗೆದು ಹಾಕಿದ್ದು ಬೆಳಿಗ್ಗೆ ಹೊತ್ತಿಗೆ ಗರಿಗರಿ ಆಗಿರುತ್ತೆ, ಅಲ್ಲಿ ಒಣಗಲ್ಲ. ನೀರಲ್ಲಿ ನೆನೆದರೂ ಕೆಡದ ರಬ್ಬರ್ ಚಪ್ಪಲಿ. ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಚೀಲ. ಫೋನಿಗೆ ಇನ್ನೊಂದು.

ರೊಟ್ಟಿ ಒಯ್ಯಿರಿ, ನಾಚಿಕೆ ಬೇಡ. ಜೋಳದ ರೊಟ್ಟಿ ಅಲ್ಲಿ ಸುಲಭಕ್ಕೆ ಸಿಗಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಮನೆಯ ಹಿರಿಯರು ಎರಡು ದಿನ ಗೊಣಗದೆ ಇರ್ತಾರೆ. ಆದರೆ ಅಲ್ಲಿನ ಗಾಳಿಗೆ ಖಡಕ್ ರೊಟ್ಟಿ ಮೆತ್ತಗಾಗುತ್ತೆ, ಬಟ್ಟೆಯಲ್ಲಿ ಸುತ್ತಬೇಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ.

ಮೊದಲ ದಿನ

ಬಸ್ ಇಳಿದು, ಸ್ನಾನ ಮುಗಿಸಿ, ಹೋಟೆಲಿಗೆ ಹೋಗಿ ಬನ್ಸ್ ಹೇಳಿ. ಬಾಳೆಹಣ್ಣು ಕಲಸಿದ ಹಿಟ್ಟಿನ, ಸ್ವಲ್ಪ ಸಿಹಿಯಾದ ಪೂರಿ ಅಂದುಕೊಳ್ಳಿ. ಚಟ್ನಿ, ಸಾಂಬಾರ್ ಜೊತೆ ಕೊಡ್ತಾರೆ. ನೀರುದೋಸೆಯೂ ಇರುತ್ತೆ.

ಹೊಟ್ಟೆ ತುಂಬಿದ ಮೇಲೆ ಬಿಸಿಲೇರೋ ಮುಂಚೆ ಲೈಟ್‌ಹೌಸ್ ಹಿಲ್ ಹತ್ತಿ ಸೇಂಟ್ ಅಲೋಶಿಯಸ್ ಚಾಪೆಲ್‌ಗೆ (ಕ್ರೈಸ್ತರ ಪ್ರಾರ್ಥನಾ ಮಂದಿರ) ಹೋಗಿ. ಮಂಗಳೂರಿನಲ್ಲಿ ಒಂದೇ ಒಂದು ಕಟ್ಟಡ ನೋಡೋಕೆ ಟೈಮ್ ಇದ್ದರೆ ನಾನು ಇದನ್ನೇ ಹೇಳೋದು. ಹೊರಗಿನಿಂದ ಸಾಮಾನ್ಯ ಅನ್ನಿಸುತ್ತೆ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಚಾವಣಿ, ಖಾಲಿ ಜಾಗವೇ ಇಲ್ಲ, ಎಲ್ಲಾ ಚಿತ್ರ. ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೇನಿ ಅನ್ನೋ ಜೆಸ್ಯುಟ್ ಬ್ರದರ್ 1899ರಲ್ಲಿ ಶುರು ಮಾಡಿ ಬರೆದದ್ದು. ಬೆಂಚಿನ ಮೇಲೆ ಕೂತು ಕತ್ತು ಮೇಲೆತ್ತಿ ನಿಧಾನ ನೋಡಿ. ಒಳಗೆ ಫೋಟೋ ತೆಗೆಯೋ ಹಾಗಿಲ್ಲ, ಮಧ್ಯಾಹ್ನ ಊಟದ ಹೊತ್ತಲ್ಲಿ ಮುಚ್ಚಿರುತ್ತೆ.

ಅಲ್ಲಿಂದ ಕದ್ರಿ ಮಂಜುನಾಥ ದೇವಸ್ಥಾನ ಆಟೋದಲ್ಲಿ ಹತ್ತೇ ನಿಮಿಷ. ಹೆಚ್ಚಿನ ಆಟೋದವರು ಮೀಟರ್ ಹಾಕ್ತಾರೆ, ನಮ್ಮ ಸೂಪರ್ ಮಾರ್ಕೆಟ್ ಹತ್ತಿರ ಚೌಕಾಸಿ ಮಾಡಿದ ಹಾಗೆ ಶುರು ಹಚ್ಕೊಂಡರೆ ಪಾಪ ಅವರೇ ಗಾಬರಿ ಆಗ್ತಾರೆ. ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ಕೇಳಿ ನೋಡಿ. ಆಳುಪ ರಾಜ ಕುಂದವರ್ಮ 968ರಲ್ಲಿ ಮಾಡಿಸಿದ್ದು ಅಂತ ಅದರ ಪೀಠದ ಮೇಲೇ ಶಾಸನ ಇದೆ. ಬಹಳ ಜನ ಮಂಜುನಾಥನಿಗೆ ಕೈ ಮುಗಿದು, ಇದನ್ನ ನೋಡದೆ ಹಾಗೇ ಹೊರಬೀಳ್ತಾರೆ. ಹಿಂದುಗಡೆ ಮೆಟ್ಟಿಲು ಹತ್ತಿದರೆ ನೀರಿನ ಕೊಳಗಳಿವೆ.

ದಾರಿಯಲ್ಲಿ ಮನೆಗಳ ಮೇಲೆ ಕಣ್ಣಾಡಿಸಿ. ನಮ್ಮಲ್ಲಿ ನೆಲಕ್ಕೂ ಮಾಳಿಗೆಗೂ ಶಹಾಬಾದಿ ಕಲ್ಲು, ಅಲ್ಲಿ ಗೋಡೆಗೆ ಕೆಂಪು ಮುರಕಲ್ಲು, ಮೇಲೆ ಇಳಿಜಾರಾಗಿ ಕೆಂಪು ಹೆಂಚು. ಅಷ್ಟು ಮಳೆಗೆ ಮಾಳಿಗೆ ಮನೆ ತಡೆಯಲ್ಲ ಬಿಡಿ. ಆ ಹೆಂಚಿನ ಮೊದಲ ಕಾರ್ಖಾನೆ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲೇ ಹಾಕಿದ್ದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದೂ ಇದೇ ಊರಿನಿಂದ.

ಊಟ ಮಾಡಿ, ಎರಡು ಗಂಟೆ ಮಲಗಿ. ಇದನ್ನ ತಮಾಷೆಗೆ ಹೇಳ್ತಿಲ್ಲ. ರಾತ್ರಿಯಿಡೀ ಪ್ರಯಾಣ ಮಾಡಿ, ಮಧ್ಯಾಹ್ನದ ಸೆಖೆಯಲ್ಲೂ ಸುತ್ತಿದರೆ ಸಂಜೆ ಸಮುದ್ರದ ಹತ್ತಿರ ಎಲ್ಲರೂ ಮುಖ ಊದಿಸಿಕೊಂಡು ಕೂತಿರ್ತಾರೆ.

ಮೂರೂವರೆಗೆ ಎದ್ದು ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಟಿಪ್ಪು ಕಾಲದ ಕಾವಲು ಕಟ್ಟೆ, 1784ರದ್ದು. ಬಹಮನಿ ಕೋಟೆ, ಬೀದರ್ ಕೋಟೆ ನೋಡಿ ಬೆಳೆದ ನಮಗೆ ಇದು ಸಣ್ಣದು ಅನ್ನಿಸುತ್ತೆ, ಹತ್ತು ನಿಮಿಷ ಸಾಕು. ಅಲ್ಲಿಗೆ ಹೋಗೋದು ಕೋಟೆಗಲ್ಲ, ದೋಣಿಗೆ. ಪಕ್ಕದಲ್ಲೇ ಕಡವು. ಗುರುಪುರ ನದಿ ದಾಟಿಸೋ ಫೆರಿ. ಆಚೆ ದಡದಲ್ಲಿ ತಣ್ಣೀರುಬಾವಿ, ಅದು ನದಿಗೂ ಸಮುದ್ರಕ್ಕೂ ನಡುವಿನ ಕಿರಿದಾದ ಪಟ್ಟಿ. ದೋಣಿಯಲ್ಲಿ ಬೈಕಿನವರು, ಮೀನು ಬುಟ್ಟಿಯವರು, ಸ್ಕೂಲ್ ಮಕ್ಕಳು ಎಲ್ಲಾ ಒಟ್ಟಿಗೆ ನಿಂತಿರ್ತಾರೆ. ಎಂಜಿನ್ ಗುಡುಗುಡು ಅಂತ ಶುರುವಾದರೆ ನಾಲ್ಕೈದು ನಿಮಿಷಕ್ಕೆ ಆಚೆ. ನೀರಿನ ಮೇಲೆ ಯಾವತ್ತೂ ಹೋಗದ ನಮ್ಮ ಮಕ್ಕಳಿಗೆ ಬೀಚಿಗಿಂತ ಈ ನಾಲ್ಕು ನಿಮಿಷವೇ ಜಾಸ್ತಿ ಖುಷಿ. ಕೊನೆಯ ದೋಣಿ ಎಷ್ಟಕ್ಕೆ ಅಂತ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ಇಲ್ಲಾಂದ್ರೆ ಪಣಂಬೂರು ಕಡೆಯಿಂದ ರಸ್ತೆ ಸುತ್ತಿ ಬರಬೇಕಾಗುತ್ತೆ.

ಅಲ್ಲಿಂದ ಸಮುದ್ರ ನಡೆದು ಹೋಗೋ ದೂರ. ಚಳಿಗಾಲದಲ್ಲಿ ಆರರಿಂದ ಆರೂವರೆಯ ಹೊತ್ತಿಗೆ ಸೂರ್ಯ ಮುಳುಗುತ್ತೆ. ಜಾತ್ರೆ, ಚುರುಮುರಿ, ಒಂಟೆ ಸವಾರಿ ಬೇಕು ಅನ್ನೋರು ಪಣಂಬೂರಿಗೆ ಹೋಗಬಹುದು. ಸ್ವಲ್ಪ ಸುಮ್ನೆ ಕೂರಬೇಕು ಅನ್ನೋರಿಗೆ ತಣ್ಣೀರುಬಾವಿ.

ನೀರಿಗೆ ಇಳಿಯೋ ಮುಂಚೆ

ಇದನ್ನ ಮಾತ್ರ ದಯವಿಟ್ಟು ಪೂರ್ತಿ ಓದಿ. ನಮ್ಮ ಹುಡುಗರು ಈಜು ಕಲಿತಿರೋದು ತೋಟದ ಬಾವಿಯಲ್ಲಿ, ಇಲ್ಲವೇ ಭೀಮಾ ಹೊಳೆಯಲ್ಲಿ. ಗಾಣಗಾಪುರದ ಸಂಗಮದಲ್ಲಿ ಮುಳುಗೆದ್ದವರಿಗೆ ಸಮುದ್ರದ ಹೆದರಿಕೆ ಇರಲ್ಲ. ಆದರೆ ಬಾವಿ ನೀರು ಎಳೆಯಲ್ಲ, ಸಮುದ್ರ ಎಳೆಯುತ್ತೆ.

ಅಲೆ ದಡಕ್ಕೆ ತಂದು ಸುರಿದ ನೀರು ಎಲ್ಲಾದರೂ ವಾಪಸ್ ಹೋಗಲೇಬೇಕಲ್ವಾ? ಮರಳು ಸ್ವಲ್ಪ ತಗ್ಗಿರೋ ಕಡೆ ಅದು ಕಾಲುವೆ ಥರ ಒಟ್ಟಾಗಿ ಒಳಕ್ಕೆ ಹರಿಯುತ್ತೆ. ಅಕ್ಕಪಕ್ಕದಲ್ಲಿ ಅಲೆ ನೊರೆ ನೊರೆಯಾಗಿ ಒಡೀತಿರುತ್ತೆ, ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ, ನೀರು ಸ್ವಲ್ಪ ಕಪ್ಪಾಗಿ, ಶಾಂತವಾಗಿ ಕಾಣುತ್ತೆ. ಹೊಸಬರು ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಒಳ್ಳೇದು ಅಂತ ಅಲ್ಲೇ ಇಳೀತಾರೆ. ಎಳೆಯೋ ಜಾಗ ಅದೇ. ಸಿಕ್ಕಿಬಿದ್ದರೆ ದಡದ ಕಡೆ ನೇರ ಈಜಬೇಡಿ, ಎಂಥ ಗಟ್ಟಿಗನೂ ಸುಸ್ತಾಗ್ತಾನೆ. ದಡಕ್ಕೆ ಸಮಾನವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ತಿರುಗಿ. ಈಜು ಬರಲ್ಲ ಅಂದ್ರೆ ಮೊಣಕಾಲು ಮಟ್ಟ ಸಾಕು. ಕೆಂಪು ಬಾವುಟ ಇದ್ದರೆ ಅದೂ ಬೇಡ. ಜೀವರಕ್ಷಕ ಸೀಟಿ ಊದಿದರೆ ವಾದ ಮಾಡದೆ ಹೊರಗೆ ಬನ್ನಿ. ಸೀರೆ ಉಟ್ಟು ಇಳಿಯೋ ಹೆಣ್ಣುಮಕ್ಕಳಿಗೆ ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತೆ, ಚೂಡಿದಾರ್ ಮೇಲು.

ದೊಡ್ಡ ಅಲೆಯ ಮುನ್ಸೂಚನೆ ಕೊಡೋ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್. ಅದರ ಕಚೇರಿ ಇರೋದು ಹೈದರಾಬಾದಿನಲ್ಲಿ, ಸಮುದ್ರವೇ ಇಲ್ಲದ ನಮ್ಮ ಕಡೆಗೆ. ಹೊರಡೋ ಹಿಂದಿನ ದಿನ ಅವರ ಎಚ್ಚರಿಕೆ ಏನಾದರೂ ಇದೆಯಾ ನೋಡಿಬಿಡಿ.

ಎರಡನೇ ದಿನ

ಬೆಳಿಗ್ಗೆ ಆರಕ್ಕೆ ಬಂದರಿನ ದಕ್ಕೆಗೆ ಹೋಗಿ. ಮೀನುಗಾರಿಕೆ ಬೋಟು ಬಂದು ನಿಲ್ಲೋ ಜಾಗ. ಸಸ್ಯಾಹಾರಿಗಳಿಗೆ ವಾಸನೆ ತಡೆಯಲ್ಲ, ಅವರು ಮಲಗಿರಲಿ. ನೆಲವೆಲ್ಲ ಒದ್ದೆ, ಐಸ್ ಪುಡಿ ಮಾಡೋ ಸದ್ದು, ಬುಟ್ಟಿ ಹೊತ್ತವರು ಓಡ್ತಾನೇ ಇರ್ತಾರೆ, ದಾರಿಗೆ ಅಡ್ಡ ನಿಂತು ಸೆಲ್ಫಿ ತೆಗೆಯಬೇಡಿ. ಬಂಗುಡೆ, ಬೂತಾಯಿ ರಾಶಿ ರಾಶಿ ಬಿದ್ದಿರುತ್ತೆ, ಅಂಜಲ್‌ಗೆ ಮರ್ಯಾದೆ ಜಾಸ್ತಿ, ಅದನ್ನ ಒಂದೊಂದಾಗಿ ಸಾಲಾಗಿ ಮಲಗಿಸಿರ್ತಾರೆ. ಹರಾಜು ತುಳುವಿನಲ್ಲಿ ನಡೆಯುತ್ತೆ, ಬ್ಯಾರಿ ಭಾಷೆಯೂ ಕಿವಿಗೆ ಬೀಳುತ್ತೆ. ನೀವು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಸಿಗುತ್ತೆ.

ಆಮೇಲೆ ಒಂದೇ ಒಂದು ಕಡೆ ಆರಿಸಿಕೊಳ್ಳಿ. ಮಕ್ಕಳಿದ್ದರೆ ಪಿಲಿಕುಳ, ಊರಿನಿಂದ ಹತ್ತು ಹನ್ನೆರಡು ಕಿ.ಮೀ. ಪ್ರಾಣಿ ಸಂಗ್ರಹಾಲಯ, ಕೆರೆ, ತಾರಾಲಯ, ತುಳುನಾಡಿನ ದೊಡ್ಡ ಮನೆತನದವರ ಹಳೆಯ ಕಾಲದ ಗುತ್ತಿನ ಮನೆ ಎಲ್ಲಾ ಒಂದೇ ಆವರಣ. ಸೋಮವಾರ ರಜೆ. ದೊಡ್ಡವರೇ ಇದ್ದರೆ ನೇತ್ರಾವತಿ ಸೇತುವೆ ದಾಟಿ ಉಳ್ಳಾಲ. ಪೋರ್ಚುಗೀಸರನ್ನ ಎದುರಿಸಿದ ರಾಣಿ ಅಬ್ಬಕ್ಕನ ಊರು. ಸಯ್ಯದ್ ಮದನಿ ದರ್ಗಾ ಅಲ್ಲೇ, ಬಂದೇನವಾಜ್ ದರ್ಗಾಕ್ಕೆ ನಡ್ಕೊಳ್ಳೋ ಮನೆಯವರು ಅಲ್ಲಿಗೂ ಹೋಗಿ ಬರ್ತಾರೆ. ಇನ್ನೂ ಸ್ವಲ್ಪ ಮುಂದೆ ಬಂಡೆಗಳ ಮೇಲೆ ಸೋಮೇಶ್ವರ ದೇವಸ್ಥಾನ. ನೋಡೋಕೆ ಚೆಂದ, ಈಜೋಕೆ ಅಪಾಯದ ಜಾಗ.

ಇವಕ್ಕೆಲ್ಲಾ ಸ್ಟೇಟ್ ಬ್ಯಾಂಕ್‌ನಿಂದ ಸಿಟಿ ಬಸ್ ಸಿಗುತ್ತೆ. ಹೆಚ್ಚಿನವು ಖಾಸಗಿ, ಹಾಗಾಗಿ ಹೆಣ್ಣುಮಕ್ಕಳಿಗೂ ಟಿಕೆಟ್ ಇದೆ, ಆಧಾರ್ ತೋರಿಸಿ ಜಗಳ ಆಡಬೇಡಿ. ಬಸ್ ಪೂರ್ತಿ ನಿಲ್ಲೋದು ಒಂದೇ ಕ್ಷಣ, ಇಳಿಯೋ ಸ್ಟಾಪ್ ಮುಂಚೆಯೇ ಎದ್ದು ಬಾಗಿಲ ಹತ್ತಿರ ಬಂದಿರಿ. ಕಂಡಕ್ಟರ್ ‘ದುಂಬು ಪೋಲೆ’ ಅಂದರೆ ಮುಂದೆ ಸರೀರಿ ಅಂತ.

ತಿನ್ನೋದು

ಮೀಲ್ಸ್ ಹೇಳಿದರೆ ‘ಬೆಳ್ತಿಗೆಯಾ, ಕುಚ್ಚಲಕ್ಕಿಯಾ?’ ಅಂತ ಕೇಳ್ತಾರೆ. ಬೆಳ್ತಿಗೆ ನಮ್ಮ ಬಿಳಿ ಅನ್ನ, ಕುಚ್ಚಲಕ್ಕಿ ದಪ್ಪ ಕಾಳಿನ ಕೆಂಪು ಅನ್ನ. ರುಚಿ ಒಂದೇ ದಿನಕ್ಕೆ ಹಿಡಿಯಲ್ಲ, ಎರಡನ್ನೂ ಸ್ವಲ್ಪ ಸ್ವಲ್ಪ ಹಾಕಿಸಿಕೊಳ್ಳಿ. ತೊಗರಿ ಬೇಳೆಯ ಗಟ್ಟಿ ಸಾರು ಹುಡುಕಬೇಡಿ. ಸಾಂಬಾರಿಗೆ ತೆಂಗಿನಕಾಯಿ, ಬೆಲ್ಲ ಬಿದ್ದಿರುತ್ತೆ.

ಮಾಂಸಾಹಾರಿಗಳು ಕೋರಿ ರೊಟ್ಟಿ ಬಿಡಬೇಡಿ. ಅಕ್ಕಿಯ ತೆಳು ಗರಿ ರೊಟ್ಟಿ, ಮುರಿದು ತಟ್ಟೆಗೆ ಹಾಕಿ ಮೇಲೆ ಕೋಳಿ ಸಾರು ಸುರೀತಾರೆ. ಖಡಕ್ ರೊಟ್ಟಿ ಸಾರಲ್ಲಿ ನೆನೆಸಿ ತಿನ್ನೋ ನಮಗೆ ಇದನ್ನ ಯಾರೂ ಕಲಿಸಬೇಕಾಗಿಲ್ಲ. ಮೀನಿನಲ್ಲಿ ಮುಳ್ಳಿನ ಹೆದರಿಕೆ ಇದ್ದರೆ ಅಂಜಲ್ ತವಾ ಫ್ರೈ ಹೇಳಿ, ನಡುವೆ ಒಂದೇ ದಪ್ಪ ಮೂಳೆ. ಕಾಣೆ ರವಾ ಫ್ರೈ ಅದಕ್ಕಿಂತ ರುಚಿ, ಆದರೆ ನಿಧಾನ ತಿನ್ನಬೇಕು. ರೇಟು ಮೀನಿನ ಗಾತ್ರದ ಮೇಲೆ ಇರುತ್ತೆ, ಮೊದಲೇ ಕೇಳಿ.

ಸಂಜೆಗೆ ಗೋಳಿಬಜೆ, ರಾತ್ರಿ ಗಡ್‌ಬಡ್ ಐಸ್‌ಕ್ರೀಮ್. ಐಡಿಯಲ್ ಅನ್ನೋ ಐಸ್‌ಕ್ರೀಮ್ ಅಂಗಡಿ 1975ರಿಂದ ಇದೆ, ಅವರದ್ದೇ ಇನ್ನೊಂದು ಅಂಗಡಿ ಪಬ್ಬಾಸ್ ಲಾಲ್‌ಬಾಗ್‌ನಲ್ಲಿ. ಎತ್ತರದ ಗಾಜಿನ ಲೋಟದಲ್ಲಿ ಬರುತ್ತೆ, ಇಬ್ಬರಿಗೆ ಒಂದು ಸಾಕು ಅಂತ ನಾನು ಹೇಳಿದರೂ ಯಾರೂ ಕೇಳಲ್ಲ.

ವಾಪಸ್

ಎರಡನೇ ದಿನ ರೂಮು ಬೆಳಿಗ್ಗೆಯೇ ಖಾಲಿ ಮಾಡಬೇಕಾಗುತ್ತೆ, ಬಸ್ ಇರೋದು ಆಮೇಲೆ. ಸಾಮಾನು ಲಾಡ್ಜಿನ ಕೌಂಟರಿನಲ್ಲೇ ಇಟ್ಟು ಸುತ್ತೋಕೆ ಹೋಗಿ, ಹೆಚ್ಚಿನವರು ಇಲ್ಲ ಅನ್ನಲ್ಲ. ವಾಪಸ್ ಬಸ್ಸಿನ ಟೈಮ್ ನೋಡಿಯೇ ಎರಡನೇ ದಿನದ ಸುತ್ತಾಟ ಕತ್ತರಿಸಿ. ಮಧ್ಯಾಹ್ನದ ಬಸ್ ಆದರೆ ದಕ್ಕೆ, ಉಳ್ಳಾಲ ಅಷ್ಟೇ. ಪಿಲಿಕುಳ ಬೇಕಾದರೆ ಸಂಜೆ ಹುಬ್ಬಳ್ಳಿ ಬಸ್ ಹಿಡಿದು ಅಲ್ಲಿ ಬದಲಿಸಿ.

ಮನೆಗೆ ಒಯ್ಯೋಕೆ ಗೋಡಂಬಿ, ಬಾಳೆಕಾಯಿ ಚಿಪ್ಸ್, ಕೋರಿ ರೊಟ್ಟಿ ಪ್ಯಾಕೆಟ್. ರೊಟ್ಟಿ ಪ್ಯಾಕೆಟ್ ಚೀಲದ ತಳಕ್ಕೆ ಹಾಕಿದರೆ ಕಲಬುರಗಿಗೆ ಪುಡಿ ಬರುತ್ತೆ, ಕೈಯಲ್ಲೇ ಹಿಡ್ಕೊಳ್ಳಿ. ಒಣಮೀನು ತಗೊಳ್ಳೋರು ಅಂಗಡಿಯವರಿಗೆ ಬಸ್ಸಿನಲ್ಲಿ ಒಯ್ಯಬೇಕು ಅಂತ ಹೇಳಿ ಎರಡು ಮೂರು ಕವರ್ ಸುತ್ತಿಸಿ, ಆಮೇಲೂ ಅದನ್ನ ಬಸ್ಸಿನ ಕೆಳಗಿನ ಡಿಕ್ಕಿಗೇ ಹಾಕಿ. ಎಸಿ ಸ್ಲೀಪರ್ ಒಳಗೆ ತಂದಿಟ್ಟರೆ ಹುಬ್ಬಳ್ಳಿ ಬರೋದರೊಳಗೆ ಇಡೀ ಬಸ್ಸೇ ನಿಮ್ಮನ್ನ ಹುಡುಕ್ತಿರುತ್ತೆ.